ಹಂಡೆ ತುಂಬ ಕೂಲಿ

ಕೂತ್ಕೊಳ್ಳಿ, ಎಲೆ ಅಡಿಕೆ ಹಾಕ್ಕೊಳ್ಳಿ, ಕಿವಿ ಮಾತ್ರ ನನಗೆ ಕೊಡಿ. ಯಾವುದೋ ಕಾಲ, ಯಾವುದೋ ಸೀಮೆ. ಹೆಸರು ಕೇಳಿದರೆ ನನಗೂ ಗೊತ್ತಿಲ್ಲ. ಅಲ್ಲೊಂದು ಊರಲ್ಲಿ ಕೆಂಚನಗೌಡ, ಅವನಿಗೆ ಒಬ್ಬಳೇ ಮಗಳು ನೀಲವ್ವ. ಅದೇ ಊರಲ್ಲಿ ಕಲಾಯಿ ಫಕೀರಪ್ಪ. ತಾಮ್ರದ ಪಾತ್ರೆ ಕಾಯಿಸಿ, ಒಳಗೆ ತವರ ಸವರಿ ಬೆಳ್ಳಿ ಹಾಗೆ ಹೊಳೆಯಿಸೋದು ಅವನ ಕಸುಬು. ಅವನಿಗೆ ನೀಲವ್ವನ ಮೇಲೆ ಮನಸ್ಸು, ಅವಳಿಗೂ ಅವನ ಮೇಲೆ.

ಫಕೀರಪ್ಪ ಹೆಣ್ಣು ಕೇಳೋಕೆ ಬಂದ.

"ಓದಿದ್ದು ಯಾವ ವಿದ್ಯಾಪೀಠ?" ಅಂದ ಗೌಡ.

"ಯಾವುದೂ ಇಲ್ಲ ಗೌಡ್ರೇ."

"ಹಂಗಾದ್ರೆ ಹೆಣ್ಣೂ ಇಲ್ಲ."

ಮತ್ತೆ ಬಂದ, ಹೊಸ ಪಂಚೆ ಉಟ್ಕೊಂಡು.

"ಪದವಿ ಬಂತೇನೋ?"

"ಪಂಚೆ ಬಂತು ಗೌಡ್ರೇ."

"ಪಂಚೆಗೆ ಯಾರಾದ್ರೂ ಮಗಳು ಕೊಡ್ತಾರಾ? ನಡಿ."

ಮೂರನೇ ಸಲ ನೀಲವ್ವನೇ ಬಾಯಿ ಬಿಟ್ಟಳು. "ಅಪ್ಪಾ, ಆಗೋದಾದ್ರೆ ಅವನನ್ನೇ."

"ಮಸಿ ಕೈಯವನು ಈ ಮನೆ ಅಳಿಯ ಆಗಲ್ಲ," ಅಂದ ಗೌಡ. ಮಹಾರುದ್ರ ಅಂತ ಒಬ್ಬ ಪದವೀಧರನ್ನ ಹುಡುಕಿ ತಂದು ಮದುವೆ ಗೊತ್ತುಮಾಡಿದ.

ಈಗ ಕೇಳಿ. ಸುತ್ತಲ ಊರಿಗೆಲ್ಲ ಊಟ ಹಾಕ್ತೀನಿ ಅಂತ ಗೌಡನ ಜಂಬ. ಅಟ್ಟದಿಂದ ಆಳು ಮುಳುಗೋ ಅಂಥ ಹಂಡೆಗಳನ್ನ ಇಳಿಸಿದ. ಅಡುಗೆಯವಳು ಬಗ್ಗಿ ನೋಡಿದಳು. "ಕಲಾಯಿ ಪೂರಾ ಹೋಗಿದೆ. ಬರೀ ತಾಮ್ರದಲ್ಲಿ ಹುಣಸೆಹುಳಿ ಕುದಿಸಿದರೆ ಬೀಗರು ವಾಂತಿ ಮಾಡ್ಕೊಂಡು ಹೋಗ್ತಾರೆ. ನಾ ಒಲೆ ಹಚ್ಚಲ್ಲ."

ಫಕೀರಪ್ಪನನ್ನ ಕರೀಲೇಬೇಕಾಯ್ತು. ನೀವಾಗಿದ್ರೆ ಹೋಗ್ತಿದ್ರಾ? ನಾನಾದರೆ ಹೋಗ್ತಿದ್ದೆ. ಸಿಟ್ಟಿಗೆ ಅಂಗಡಿ ಮುಚ್ಚಿದರೆ ನಷ್ಟ ಯಾರಿಗೆ? ಅವನೂ ಬಂದ. ತಿದಿ ಒತ್ತಿ ಬೆಂಕಿ ಊದಿದ, ಹಂಡೆ ಕಾಯಿಸಿದ, ತವರ ಸವರಿದ.

ಆ ಊರಲ್ಲೊಂದು ಪದ್ಧತಿ. ಮದುವೆ ಪಾತ್ರೆಗೆ ಕಲಾಯಿ ಹಾಕಿದವನಿಗೆ ಅದೇ ಪಾತ್ರೆ ತುಂಬ ಜೋಳ ಕೊಡಬೇಕು. ಒಂದು ಹಂಡೆ ತುಂಬಿತು. ಇನ್ನೊಂದು ತುಂಬಿತು. ಮತ್ತೊಂದು ತುಂಬಿತು.

"ಇಷ್ಟು ದೊಡ್ಡವು ಯಾಕ್ರೋ ಇಳಿಸಿದ್ರಿ?" ಅಂದ ಗೌಡ.

"ನೀವೇ ಹೇಳಿದ್ರಲ್ಲ ಧಣಿ," ಅಂದರು ಆಳುಗಳು.

ಚಪ್ಪರದಡಿ ಮದುಮಗ ಮಹಾರುದ್ರ ಎಲ್ಲಾ ನೋಡ್ತಿದ್ದ. ಬುದ್ಧಿವಂತ, ಸುಳ್ಳಲ್ಲ. ಆದರೆ ಆಸ್ಥಾನದಿಂದ ಕೆಲಸದ ಕರೆ ಬಂದಿಲ್ಲ, ಅಪ್ಪನ ಅನ್ನ ಉಣ್ತಾ ಕಾಯ್ತಿದ್ದಾನೆ. ಎದ್ದು ಬಂದ.

"ಅಣ್ಣಾ, ಕೆಲಸ ದಿನಾ ಸಿಗ್ತದಾ?"

"ಮದುವೆ ಕಾಲದಲ್ಲಿ ಉಣ್ಣೋಕೂ ಪುರುಸೊತ್ತಿಲ್ಲ."

"ಕಲಿಯೋಕೆ ಎಷ್ಟು ದಿನ?"

"ಕೈ ಸುಟ್ಟುಕೊಳ್ಳೋದು ನಿಲ್ಲೋವರೆಗೆ."

ಮಹಾರುದ್ರ ಪೇಟ ತೆಗೆದಿಟ್ಟು ತಿದಿ ಹತ್ತಿರ ಕೂತೇಬಿಟ್ಟ. "ನನ್ನನ್ನ ಶಿಷ್ಯನಾಗಿ ಸೇರಿಸ್ಕೊ."

"ಅಳಿಯಂದ್ರೇ, ಏನಿದು?" ಅಂದ ಗೌಡ.

"ಕರೆ ಎಲ್ಲಿದೆಯೋ ಕಾಣೆ ಮಾವ. ಜೋಳ ಕಣ್ಣಿಗೆ ಕಾಣ್ತಿದೆ."

ಮೈಗೆ ಅರಿಸಿನ ಹಚ್ಚಿಸಿಕೊಂಡಿದ್ದ ನೀಲವ್ವ ಹೊಸ್ತಿಲಿಗೆ ಬಂದಳು. "ಅಪ್ಪಾ, ಅಂತೂ ಕಲಾಯಿಯವನಿಗೇ ಕೊಡ್ತಿದೀಯ ಅಂತಾಯ್ತು. ಶಿಷ್ಯನಿಗ್ಯಾಕೆ? ಗುರು ಅಲ್ಲೇ ನಿಂತಿದ್ದಾನೆ."

"ಅವಳು ಹೇಳೋದು ಸರಿ ಮಾವ," ಅಂದ ಮಹಾರುದ್ರ. "ಕಲಿಯೋವರೆಗೆ ನನಗೆ ಹೆಂಡ್ತಿ ಸಾಕೋದು ಕಷ್ಟ."

ಗೌಡ ಹಂಡೆ ನೋಡಿದ, ಮಗಳನ್ನ ನೋಡಿದ, ಫಕೀರಪ್ಪನ್ನ ನೋಡಿದ. "ಅಳಿಯ ಮಾಡ್ಕೊಂಡ್ರೆ ಈ ಜೋಳ ವಾಪಸ್ ಕೊಡ್ತೀಯಾ?"

"ಇಲ್ಲ ಗೌಡ್ರೇ. ದುಡಿದ ಕೂಲಿ. ನಾಳೆಯಿಂದ ನಿಮ್ಮ ಮಗಳು ಉಣ್ಣೋದು ಇದನ್ನೇ."

ಗೌಡ ಫಕೀರಪ್ಪನ ಭುಜ ತಟ್ಟಿದ. "ಇವನು ಸಂಸಾರ ಮಾಡ್ತಾನೆ," ಅಂದ. "ಒಲೆ ಹಚ್ಚಿ."

ಅವರು ಉಂಡರು, ನಾನು ಹೇಳಿದೆ, ನೀವು ಕೇಳಿದಿರಿ. ಕತೆ ಸರಿಯಾಗಿ ತೂಗಿ ಕೊಟ್ಟಿದೀನಿ, ಕೊಸರು ಕೇಳಬೇಡಿ.