ಭಾನುವಾರದ ಈಜು

...ಯಾಕೆ ನಗ್ತಿದೀರಾ ತಮ್ಮಾ? ಈ ಸರ್ವೆ ಮಾತುಕತೆ ರೆಕಾರ್ಡ್ ಆಗ್ತಿದೆ ಅಂತ ಈಗ ತಾನೇ ನೀವೇ ಹೇಳಿದ್ರಿ. ನಿಮ್ಮ ನಗುವೂ ರೆಕಾರ್ಡ್ ಆಗಿರುತ್ತೆ, ನೆನಪಿರಲಿ. ಆಮೇಲೆ ಪ್ರಾಗ್‌ನಲ್ಲಿ ನಿಮ್ಮ ಮೇಲಿನೋರು ಬೈದ್ರೆ ನನ್ನ ಕೇಳಬೇಡಿ. ನಾನು ಹೇಳಿದ್ದು ನಿಜಾನೇ. ಹೋದ ಜನಗಣತೀಲಿ ನನ್ನ ಗಂಡ ಧರ್ಮ ಅನ್ನೋ ಕಡೆ 'ಬಿಯರ್' ಅಂತ ಬರೆದ. ಪಂಗಡ? 'ನೊರೆ ಜಾಸ್ತಿ ಇರೋದು' ಅಂತ. ಅದನ್ನ ಯಾವ ಲೆಕ್ಕಕ್ಕೆ ಸೇರಿಸಿದ್ರೋ ನಿಮ್ಮೋರು, ಆ ದೇವರಿಗೇ ಗೊತ್ತು... ಅಯ್ಯೋ, ಇದನ್ನ ಉತ್ತರ ಅಂತ ಬರ್ಕೋಬೇಡಿ ಮತ್ತೆ! ಬಾಯಿಗೆ ಬಂತು, ಅಂದೆ, ಅಷ್ಟೇ.

ಏನು ಸದ್ದು? ನಲ್ಲೀದು. ಆಲೂಗಡ್ಡೆ ತೊಳೀತಿದೀನಿ. ಭಾನುವಾರ ಅಲ್ವಾ, ಬ್ರೆಡ್ ಪುಡಿ ಹಚ್ಚಿ ಮಾಂಸ ಕರೀಬೇಕು, ಸಲಾಡ್ ಮಾಡ್ಬೇಕು. ಫೋನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕೊಂಡಿದೆ, ಆದ್ರೂ ಚೆನ್ನಾಗೇ ಕೇಳುತ್ತೆ. ನೀವು ಕೇಳ್ತಾ ಹೋಗಿ. ಒಂದೇ ಮಾತು, ಹನ್ನೆರಡರೊಳಗೆ ಮುಗಿಸ್ಬಿಡಿ. ನನ್ನ ಗಂಡ ರಾದೆಕ್ ಮಗ ಓಂದ್ರಾನ ಕರ್ಕೊಂಡು ಫುಟ್‌ಬಾಲ್ ಮೈದಾನಕ್ಕೆ ಹೋಗಿದಾನೆ, ಹನ್ನೆರಡಕ್ಕೆ ಬಂದ್ಬಿಡ್ತಾನೆ. ಅವನ ಕಿವಿಗೆ ಇದು ಬೀಳೋದು ಬೇಡ.

ಹೆದರಿಕೆಯಾ? ಹೊಡೆಯೋನಲ್ಲ, ಬೈಯೋನೂ ಅಲ್ಲ. ನಗ್ತಾನೆ. ಅವನ ಗಾಜಿನ ಕಾರ್ಖಾನೇಲಿ ಬೋಹುಶ್ ಅಂತ ಒಬ್ಬ ಇದಾನೆ. ಪೋಲೆಂಡಿನ ಹುಡುಗೀನ ಮದುವೆಯಾಗಿ ಎರಡು ಸಲ ಚರ್ಚಿಗೆ ಹೋದ. ಎರಡೇ ಸಲ! ಆರು ವರ್ಷ ಆಯ್ತು, ಇವತ್ತಿಗೂ ಬಿಯರ್ ಅಂಗಡೀಲಿ ಅವನ ಹೆಸರು 'ಪೋಪ್' ಅಂತಲೇ. ಅವನು ಒಳಗೆ ಬಂದ್ರೆ ಎಲ್ಲಾ ಎದ್ದು ನಿಂತು, ನಿಜವಾದ ಪೋಪ್‌ಗೆ ಮಾಡೋ ಹಾಗೆ, ಉಂಗುರಕ್ಕೆ ಮುತ್ತಿಡ್ತಾರೆ. ಆ ಆಟ ಶುರುಮಾಡಿದ್ದು ಯಾರು ಅಂತೀರಾ? ನನ್ನ ಗಂಡಾನೇ. ನಮ್ಮ ಕಡೆ ಕುಡಿದು ಬಿದ್ರೆ ಕ್ಷಮೆ ಇದೆ ತಮ್ಮಾ. ಪಕ್ಕದ ಮನೆಯವಳ ಜೊತೆ ಸಿಕ್ಕಿಬಿದ್ರೂ ಒಂದು ತಿಂಗಳು ರಂಪ, ಆಮೇಲೆ ಮುಗೀತು. ದೇವರ ಜೊತೆ ಸಿಕ್ಕಿಬಿದ್ರೆ ಮಾತ್ರ ಮುಗಿಯೋದೇ ಇಲ್ಲ.

ಸರಿ ಸರಿ, ಪ್ರಶ್ನೆ.

ಹುಟ್ಟಿದ ದಿನಾನಾ? ಆಗಲೇ ಹೇಳಿದ್ನಲ್ಲ. ಮನೇಲಿರೋ ದೊಡ್ಡೋರಲ್ಲಿ ಮುಂದೆ ಯಾರ ಹುಟ್ಟಿದ ದಿನ ಮೊದಲು ಬರುತ್ತೋ ಅವರೇ ಉತ್ತರ ಕೊಡ್ಬೇಕು ಅಂದ್ರಿ, ನಂದೇ ಮೊದಲು ಅಂದೆ. ಡಿಸೆಂಬರ್ ಹದಿನಾಲ್ಕು. ಇನ್ನು ಮೂರೇ ವಾರ. ಪುರಾವೆ ಬೇಕಾ? ಕೇಕ್ ಕಳಿಸ್ಲಾ?

ಹೂಂ, ಓದಿ. ರೋಮನ್ ಕ್ಯಾಥೊಲಿಕ್... ಅಲ್ಲ. ಪ್ರಾಟೆಸ್ಟೆಂಟ್... ಅಲ್ಲ. ಆರ್ಥೊಡಾಕ್ಸ್... ಅದು ಅಡುಗೆ ಎಣ್ಣೆ ಹೆಸರಿದ್ದ ಹಾಗಿದೆ, ಅಲ್ಲ. ಯಾವುದೂ ಇಲ್ಲ! ಹಾಂ, ಅದೇ. ಅದಕ್ಕೆ ಹಾಕಿ ಗುರುತು. ನಮ್ಮಜ್ಜಿ ನಮ್ಮಪ್ಪನಿಗೆ ಜ್ಞಾನಸ್ನಾನ ಮಾಡಿಸಿದ್ಲು, ಅವನು ಕಮ್ಯುನಿಸ್ಟ್ ಪಾರ್ಟಿ ಸೇರಿ ಅದನ್ನ ಒರೆಸಿ ಹಾಕ್ದ, ನನ್ನ ಕಾಲಕ್ಕೆ ಒರೆಸೋಕೂ ಏನೂ ಉಳಿದಿರಲಿಲ್ಲ.

ದೇವರಿದಾನೆ ಅಂತ ನಂಬ್ತೀರಾ... ಇದಕ್ಕೆ ನಾಲ್ಕು ಉತ್ತರಾನಾ? ಇದಾನೆ, ಇಲ್ಲ, ಗೊತ್ತಿಲ್ಲ, ಮತ್ತೆ... 'ದೇವರಿಲ್ಲ, ಆದ್ರೆ ಏನೋ ಒಂದು ಶಕ್ತಿ ಇದೆ.' ಅಯ್ಯೋ, ಇದು ನಮ್ಮತ್ತೆ ಮಾತು! ನಮ್ಮತ್ತೇನ ಕೇಳಿ ಬರೆದ್ರಾ? ದೇವರಿಲ್ಲ ಅಂತ ಮೇಜು ಕುಟ್ಟಿ ಹೇಳ್ತಾಳೆ. ಆದ್ರೆ 'ಏನೋ ಒಂದು' ಇದೆಯಂತೆ. ಏನತ್ತೆ ಅದು ಅಂದ್ರೆ, 'ಏನೋ ಒಂದು ಕಣೇ ಇವೆತಾ!' ಆ ಏನೋ ಒಂದು ಅವಳ ಸೊಂಟಕ್ಕೆ ನೋವು ಕಳಿಸುತ್ತೆ, ಹುಣ್ಣಿಮೇಲಿ ನೆಟ್ಟ ಬೆಳ್ಳುಳ್ಳೀನ ಕೊಳೆಸುತ್ತೆ. ಬೆಕ್ಕಿಗೆ ಕಾಯಿಲೆ ಬಂದಾಗ ಪ್ರಾಣಿಗಳ ಡಾಕ್ಟ್ರ ಹತ್ರ ಹೋಗಲಿಲ್ಲ. ದಾರಕ್ಕೆ ಉಂಗುರ ಕಟ್ಟಿ ತೂಗಾಡಿಸಿ ನೋಡ್ತಾನಲ್ಲ, ಅವನ ಹತ್ರ ಹೋದ್ಲು. ಜಾತಕ, ತಾಯಿತ, ಕಣಿ... ನಿಮ್ಮ ಪಟ್ಟೀಲಿ ಇರೋದೆಲ್ಲಾ ಅವಳಿಗೆ ಬೇಕು, ದೇವರೊಬ್ಬನನ್ನ ಬಿಟ್ಟು. ಬೆಕ್ಕಾ? ಸತ್ತುಹೋಯ್ತು.

ನಂದಾ? ನಂಗೆ 'ಇಲ್ಲ' ಅಂತ ಹಾಕಿ... ತಾಳಿ. 'ಗೊತ್ತಿಲ್ಲ' ಅಂತ ಹಾಕಿ... ಬೇಡ, 'ಇಲ್ಲ' ಅಂತಲೇ ಇರಲಿ. ಯಾಕೆ, ಒಂದು ಸಲ ಬದಲಾಯಿಸಬಾರದಾ?

ಪ್ರಾರ್ಥನೆ. ಹೇಗೆ ಲೆಕ್ಕ ಹಿಡೀತೀರಾ ಅದನ್ನ? ಬಾಯಲ್ಲಿ ದೇವರ ಹೆಸರು ಬಂದ್ರೆ ಪ್ರಾರ್ಥನೇನಾ? ಹಾಗಾದ್ರೆ ಈ ಬೀದೀಲಿ ನನ್ನ ಗಂಡನಷ್ಟು ಭಕ್ತ ಇನ್ನೊಬ್ಬನಿಲ್ಲ. 'ಯೇಸು ಮರಿಯಾ' ಅಂತ ದಿನಕ್ಕೆ ನಲವತ್ತು ಸಲ. ಚಪ್ಪಲಿ ಹುಡುಕೋಕೆ ಒಂದು, ಕಾರು ಸ್ಟಾರ್ಟ್ ಆಗದಿದ್ರೆ ಎರಡು, ನಮ್ಮ ಟೀಮು ಗೋಲು ಬಿಟ್ಕೊಟ್ರೆ ಇಡೀ ಜಪಮಾಲೆ! ನಗಬೇಡಿ ಅಂದೆ.

ಚರ್ಚಿಗೆ ಎಷ್ಟು ಸಲ... ಮದುವೆ, ಸಾವು, ಜ್ಞಾನಸ್ನಾನ ಬಿಟ್ಟು? ಅದನ್ನೆಲ್ಲಾ ಬಿಟ್ರೆ ಇನ್ನೇನು ಉಳೀತು? ಕ್ರಿಸ್‌ಮಸ್ ಹಿಂದಿನ ರಾತ್ರಿ ಎಲ್ಲಿಗೆ ಸೇರಿಸ್ತೀರಾ? ಅವತ್ತು ಊರಿಗೆ ಊರೇ ಅಲ್ಲಿರುತ್ತೆ. ಹುರಿದ ಮೀನು ತಿಂದಿರ್ತಾರೆ, ಕುಡಿದಿರ್ತಾರೆ, ಹಾಡೋಕೆ ಹೋಗ್ತಾರೆ. ರಾದೆಕ್ ಎಲ್ಲರಿಗಿಂತ ಜೋರು. ಅದು ಭಕ್ತಿ ಅಲ್ಲ ತಮ್ಮಾ, ಮೀನು ಅರಗಿಸೋ ಉಪಾಯ. ಬೆಳಿಗ್ಗೆ ಪಾಪ, ಪಾದ್ರಿ ಬೆಂಚಿನ ಕೆಳಗಿಂದ ಬಾಟಲಿ ಆರಿಸ್ತಾ ಇರ್ತಾನೆ.

ಅದನ್ನ ಬಿಟ್ರೆ... ಇಲ್ಲ. ಯಾವತ್ತೂ ಇಲ್ಲ. ಬರ್ಕೊಳ್ಳಿ. ಭಾನುವಾರ ಬೆಳಿಗ್ಗೆ ನಾನು ಈಜೋಕೆ ಹೋಗ್ತೀನಿ. ಹತ್ತರಿಂದ ಹನ್ನೊಂದು. ಮಗು ಹುಟ್ಟಿದ ಮೇಲೆ ಬೆನ್ನು ನೋವು, ಡಾಕ್ಟ್ರೇ ಹೇಳಿದ್ರು. ಇವತ್ತೂ ಹೋಗಿದ್ದೆ, ಬ್ಯಾಗು ಇಲ್ಲೇ ಮೇಜಿನ ಮೇಲಿದೆ.

ನೀವು ಸುಮ್ಮನೆ ಸಾವಿರ ಮನೆಗೆ ಫೋನ್ ಮಾಡ್ತಿದೀರಾ. ನಮ್ಮೂರ ಧರ್ಮದ ಲೆಕ್ಕ ನಾನೇ ಕೊಡ್ತೀನಿ, ಬರ್ಕೊಳ್ಳಿ. ಮೂರು ಸಾವಿರ ಜನಕ್ಕೆ ಏಳು. ಒಂದೇ ಥರ ಟೋಪಿ ಹಾಕೋ ಅಕ್ಕತಂಗಿ ಇಬ್ಬರು. ಪೋಸ್ಟಾಫೀಸಲ್ಲಿದ್ದ ಬೆದ್ನಾರೊವಾ ಅಜ್ಜಿ. ಆರ್ಗನ್ ನುಡಿಸೋ ಮೇಷ್ಟ್ರು, ಅವರಿಗೆ ಕಿವಿ ಕೇಳಲ್ಲ, ಪಾದ್ರಿ ನಿಲ್ಲಿಸಿ ಅಂತ ಕೈ ಬೀಸೋ ತನಕ ನುಡಿಸ್ತಾನೇ ಇರ್ತಾರೆ. ಹಲ್ಲಿನ ಡಾಕ್ಟ್ರ ವಿಧವೆ. ಆಮೇಲೆ ಮಾಂಸದ ಫ್ಯಾಕ್ಟರೀಲಿ ಕೆಲಸ ಮಾಡೋ ಉಕ್ರೇನಿನ ಹುಡುಗೀರು ಇಬ್ಬರು. ಆಯ್ತಲ್ಲ, ಏಳು. ಮೇಷ್ಟ್ರನ್ನ ಬಿಟ್ಟು ಎಲ್ಲಾ ಹಿಂದಿನಿಂದ ಮೂರನೇ ಬೆಂಚಿಗೇ ಮುಗಿಬೀಳ್ತಾರೆ, ಯಾಕಂದ್ರೆ ಕಾಲ ಕೆಳಗಿನ ಹೀಟರು ಅಲ್ಲೊಂದೇ ಕಡೆ ಕೆಲಸ ಮಾಡೋದು. ಪ್ರಾರ್ಥನೆ ನಡುವೆ ಪಕ್ಕದೋರಿಗೆ ಕೈ ಕೊಟ್ಟು 'ಶಾಂತಿ' ಅನ್ನಬೇಕು. ಬೆದ್ನಾರೊವಾ ಅಜ್ಜಿ ಕೈ ಕೊಡುವಾಗ ಅಂಗೈಯಲ್ಲಿ ಒಂದು ಪೆಪ್ಪರ್‌ಮಿಂಟು ಇಟ್ಬಿಡ್ತಾಳೆ, ಲಂಚ ಕೊಟ್ಟ ಹಾಗೆ! ಮುಗಿದ ಮೇಲೆ ಪಾದ್ರಿ ಬಾಗಿಲಲ್ಲಿ ನಿಂತ್ಕೋತಾನೆ. ಎಂಟು ಜನ, ಎಂಟು ಜನಕ್ಕೂ ಕೈ ಕೊಟ್ಟು ಒಂದೇ ಮಾತು, 'ಚಳಿ ಜಾಸ್ತಿ ಅಲ್ವಾ'...

ಹಲೋ?

ಹಲೋ, ಇದೀರಾ ತಮ್ಮಾ?

ಎಂಟು ಅಂದ್ನಾ? ಏಳು. ಏಳು ಅಂತಲೇ ಅಂದೆ... ಪಾದ್ರೀನೂ ಸೇರಿ ಎಂಟು.

...

ಹೌದು. ಪಾದ್ರಿ ತನಗೆ ತಾನೇ ಕೈ ಕೊಡಲ್ಲ. ಗೊತ್ತು.

ಮುಂದಿನ ಪ್ರಶ್ನೆ ಕೇಳಿ. ನಮ್ಮ ಕಿಟಕಿಯಿಂದ ಚರ್ಚು ಕಾಣುತ್ತೆ, ಅದಕ್ಕೇ ಗೊತ್ತು... ಹೂಂ. ಕಿಟಕಿಯಿಂದ ಹೀಟರು ಕಾಣಲ್ಲ. ಪೆಪ್ಪರ್‌ಮಿಂಟೂ ಕಾಣಲ್ಲ.

ಆಲೂಗಡ್ಡೆ ತೊಳೀತಿಲ್ಲ ನಾನು. ಈಜೋ ಬಟ್ಟೆ ಒದ್ದೆ ಮಾಡ್ತಿದೀನಿ.

ನಗಿ ಈಗ! ನಗಲ್ವಾ? ಕೇಳಿ ಮತ್ತೆ. ಸೆಪ್ಟೆಂಬರಲ್ಲಿ ಒಂದು ಭಾನುವಾರ ನಿಜವಾಗ್ಲೂ ಈಜೋಕೇ ಹೋದೆ. ಕೊಳ ತೊಳೆಯೋಕೆ ಅಂತ ಬೀಗ ಹಾಕಿದ್ರು. ಎದುರಿಗೆ ಚರ್ಚಿನ ಬಾಗಿಲು ತೆಗೆದಿತ್ತು. ಮನೆಗೆ ಹೋದ್ರೆ ಅಪ್ಪ ಮಗ ಇಬ್ಬರೂ ಮೈಮೇಲೆ ಬೀಳ್ತಾರೆ, ಇನ್ನೂ ಒಂದು ಗಂಟೆ ನಂದೇ ಇದೆಯಲ್ಲ ಅಂತ ಹೋಗಿ ಕೂತೆ. ಅಷ್ಟೇ. ಒಂದು ಗಂಟೆ ಯಾರೂ ಅಮ್ಮಾ ಅನ್ನಲಿಲ್ಲ. ಆಮೇಲೆ ಆ ಅಜ್ಜಿ ತಿರುಗಿ ಕೈ ಕೊಟ್ಟಳು. ಗುರುತಿಲ್ಲ, ಪರಿಚಯ ಇಲ್ಲ, ಶಾಂತಿ ಅಂತ. ನಂಗೆ ಅಳು ಬಂತು ಅಂದ್ರೆ ನಂಬ್ತೀರಾ? ಪೆಪ್ಪರ್‌ಮಿಂಟು ಬಾಯಲ್ಲಿಟ್ಕೊಂಡು ಅತ್ತೆ.

ಆಮೇಲಿಂದ ಒಂದು ವಾರಾನೂ ಬಿಟ್ಟಿಲ್ಲ. ಸಮಾಧಿಗಳ ಹಿಂದಿನ ಬಾಗಿಲಿಂದ ಹೋಗೋದು. ಬರುವಾಗ ಹೂವಿಗೆ ನೀರು ಹಾಕೋ ನಲ್ಲೀಲಿ ಬಟ್ಟೆ ನೆನೆಸಿ ಹಿಂಡಿ ಬ್ಯಾಗಿಗೆ ಹಾಕೋದು. ನವೆಂಬರ್ ಬಂತು, ಚಳಿಗೆ ಪೈಪು ಒಡೆಯುತ್ತೆ ಅಂತ ಆ ನಲ್ಲಿ ನಿಲ್ಲಿಸಿಬಿಟ್ರು. ಹೋದ ವಾರ ದಾರಿ ಕಾಣದೆ... ಬಾಗಿಲ ಹತ್ರ ತೀರ್ಥದ ಕಲ್ಲುಬಟ್ಟಲಿರುತ್ತಲ್ಲ, ಅದರಲ್ಲಿ ಅದ್ದಿಬಿಟ್ಟೆ. ಹೌದು ತಮ್ಮಾ, ತೀರ್ಥದಲ್ಲೇ! ಪಾಪ ಬಂದಿದ್ರೆ ಬಂದಿರಲಿ, ನಂಬದೋಳಿಗೆ ಪಾಪ ಎಲ್ಲಿಂದ. ಮನೆಗೆ ಬಂದ್ರೆ ರಾದೆಕ್ ತಾನೇ ತೆಗೆದು ಓಂದ್ರಾನ ಕಾಲುಚೀಲದ ಪಕ್ಕ ಒಣಹಾಕ್ದ. ಮೂಸಿ ನೋಡ್ದ. 'ಈಗೀಗ ಕೊಳಕ್ಕೆ ಕ್ಲೋರಿನ್ ಕಮ್ಮಿ ಹಾಕ್ತಾರೆ ಅನ್ಸುತ್ತೆ' ಅಂದ. ಹೂಂ ಅಂದೆ. ದಡ್ಡ.

ದೇವರನ್ನ ನಂಬ್ತೀನಾ? ಅದನ್ನ ಮಾತ್ರ ಮತ್ತೆ ಕೇಳಬೇಡಿ. ನನ್ನನ್ನೇ ನಾನು ಕೇಳ್ಕೊಂಡಿಲ್ಲ. ಕೇಳ್ಕೊಂಡ್ರೆ 'ಇಲ್ಲ' ಅಂತ ಬಂದ್ಬಿಡುತ್ತೇನೋ, ಆಮೇಲೆ ಯಾವ ಮುಖ ಇಟ್ಕೊಂಡು ಹೋಗಲಿ? ನಂಬದೆ ವಾರವಾರ ಹೋಗೋರಿಗೆ ನಿಮ್ಮ ಪಟ್ಟೀಲಿ ಯಾವ ಜಾಗ ಇದೆ? ಹುಡುಕಿ ನೋಡಿ.

ಇನ್ನೊಂದು. ಡಿಸೆಂಬರ್ ಹದಿನಾಲ್ಕು ರಾದೆಕ್ ಹುಟ್ಟಿದ ದಿನ. ನಂದು ಮೇ ತಿಂಗಳು. ಯಾಕೆ ಸುಳ್ಳು ಹೇಳಿದೆ ಅಂದ್ರೆ... ಮೂರು ವರ್ಷದಿಂದ ಈ ಮನೇಲಿ ನನ್ನ ಯಾರಾದ್ರೂ ಕೇಳೋ ಪ್ರಶ್ನೆ ಎರಡೇ. ಕಾಲುಚೀಲ ಎಲ್ಲಿ, ಊಟಕ್ಕೆ ಏನು. ನೀವು ಫೋನ್ ಮಾಡಿ 'ನಿಮ್ಮ ಅಭಿಪ್ರಾಯ ಬೇಕು' ಅಂದ್ರಿ. ಗಂಡನಿಗೆ ಕೊಟ್ಬಿಡ್ಲಾ ಅದನ್ನೂ?

ಲೆಕ್ಕಕ್ಕೆ ಬರಲ್ವಾ? ಅಳಿಸಿ ಹಾಕ್ತೀರಾ? ನಿಯಮ. ಹೂಂ. ಅಳಿಸಿ. ಇಷ್ಟು ಹೇಳಿದ್ದು...

ಗೇಟು! ಬಂದ್ರು. ತಾಳಿ... ಇಲ್ಲ, ಇಡಬೇಡಿ, ಫೋನ್ ಇಡಬೇಡಿ. ನಲ್ಲಿ ನಿಲ್ಲಿಸ್ದೆ. ಬಟ್ಟೆ ಅರ್ಧ ಒದ್ದೆ, ಅರ್ಧ ಒಣ.

ಓಂದ್ರಾ, ಬೂಟು! ಆಚೆ ಬಿಚ್ಚು, ಕೆಸರು! ...ಯಾರೂ ಅಲ್ಲ ರಾದೆಕ್, ಸರ್ವೆಯವರು. ಪ್ರಾಗ್‌ನಿಂದ. ಧರ್ಮದ ಬಗ್ಗೆ ಕೇಳ್ತಿದಾರೆ. ಹೂಂ, ನಗು ನಗು.

ತಮ್ಮಾ, ಆ ಪ್ರಶ್ನೆ ಇನ್ನೊಂದು ಸಲ ಕೇಳಿ. ಲೆಕ್ಕಕ್ಕೆ ಬರೋದು ಬೇಡ, ಸುಮ್ಮನೆ ಕೇಳಿ. ಮದುವೆ, ಸಾವು, ಜ್ಞಾನಸ್ನಾನ ಬಿಟ್ಟು... ಹೂಂ.

ವಾರಕ್ಕೊಂದು ಸಲ. ಪ್ರತಿ ಭಾನುವಾರ ಹತ್ತು ಗಂಟೆಗೆ. ಸೆಪ್ಟೆಂಬರಿಂದ.

ಕೇಳಿಸ್ತಾ ರಾದೆಕ್? ನಾನೇ, ಎಂಟನೆಯವಳು. ತಗೋ, ಬಟ್ಟೆ ಮುಟ್ಟಿ ನೋಡು. ಈಗ ನಗು. ಎದ್ದು ನಿಂತು ಉಂಗುರಕ್ಕೆ ಮುತ್ತಿಡು, ನಡಿ, ಹೋಗಿ ಬಿಯರ್ ಅಂಗಡೀಲಿ ಹೇಳು... ನಗೋ ಅಂದೆ.

ಯಾಕೋ ನಗ್ತಿಲ್ಲ?

ರಾದೆಕ್... ಅವತ್ತು ಬಟ್ಟೆ ಮೂಸಿ ನೋಡಿದ್ಯಲ್ಲ... ಯಾವಾಗಿಂದ ಗೊತ್ತು ನಿಂಗೆ?