ಈರತ್ತೆಯ ಪಾಲು

ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದು, ಕುದೇರಿನ ಬಸ್ ತಂಗುದಾಣದ ಮೇಲೆ ಮಳೆ ಜಪ್ಪತೊಡಗಿತ್ತು. ಚಾಮರಾಜನಗರದ ಬಸ್ಸಿನ ಸುಳಿವಿರಲಿಲ್ಲ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದ್ದ ಅನು, ಪೇಟೆಯಲ್ಲಿ ಬಾಡಿಗೆಗೆ ನೋಡಹೊರಟಿದ್ದ ಮನೆಯ ಫೋಟೋವನ್ನು ಗೆಳತಿ ಸುಮಯ್ಯಳಿಗೆ ತೋರಿಸುತ್ತಿದ್ದಳು. ಅದೇ ಬಸ್ಸಿಗೆ ಕಾಯುತ್ತ ಪಕ್ಕದಲ್ಲಿ ಮುದುರಿ ಕೂತಿದ್ದ ಚಿಕ್ಕಮಲ್ಲಮ್ಮಜ್ಜಿ ಕತ್ತು ಚಾಚಿ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬಾಡ್ಗೆ ಮನೆಯಾ? ಕುಂತ್ಕ ಕಣಮ್ಮಿ. ಬಸ್ಸು ಬರೋಗಂಟ ಒಂದ್ ಮಾತೇಳ್ತೀನಿ.

"ನನ್ ತಮ್ಮ ಶಿವಮಲ್ಲು ಗುಂಡ್ಲುಪೇಟೇಲಿ ಓಟ್ಲು ಮಡಗಿದ್ದ. ನಮ್ ಸೋದರತ್ತೆ ಈರಮ್ಮುಂದು ಚಾಮ್ರಾಜ್‌ನಗರದಲ್ಲಿ ಒಂದು ಮನೆ... ಮಕ್ಕಳಿಲ್ಲ, ಬಾಯಲ್ಲಿ ಹಲ್ಲಿಲ್ಲ, ಕಣ್ಣು ಕಾಣ್ತಿರ್ನಿಲ್ಲ. ಸಾಯೋಗಂಟ ನೋಡ್ಕತೀನಿ ಅಂತ ಇವ್ನು ಮನೆ ಬರೆಸ್ಕಂಡ. ಎಂಗೆ ನೋಡ್ಕಂಡ ಗೊತ್ತಾ? ಓಟ್ಲಲ್ಲಿ ಗಿರಾಕಿಗಳು ಉಂಡು ಬುಟ್ಟ ಅನ್ನ, ಕಚ್ಚಿ ಬುಟ್ಟ ಇಡ್ಲಿ, ಎಲ್ಲಾನೂ ಒಂದ್ ಡಬ್ಬಕ್ಕೆ ಬಳ್ಕಂಡು ಎರಡು ದಿನಕ್ಕೊಂದ್ಸಲ ಬಸ್ಸಲ್ಲಿ ತಂದು ಮಡಗೋನು. ಮುಚ್ಚಳ ತೆಗುದ್ರೆ ನೊರೆ, ಹುಳಿ ಗಬ್ಬು... ಅತ್ತೆ ಬೆರಳಲ್ಲಿ ತಡಕಿ ತಡಕಿ ಉಣ್ಣೋಳು, ಬೇರೆಯೋರು ಅಗುದು ಬುಟ್ಟ ಕರಿಬೇವ ಬಾಯಿಂದ ತಗುದು ತಟ್ಟೆ ಅಂಚಿಗೆ ಮಡಗೋಳು. ಒಂದಿನ ಓಗಿ ನೋಡಿ ನಂಗೆ ವಾಕರಿಕೆ ಬಂತು. ಎದ್ದು ಆಚೆಗೆ ಬಂದ್ಬುಟ್ಟೆ... ತಮ್ಮುನ್ನ ಒಂದ್ ಮಾತು ಕೇಳ್ನಿಲ್ಲ."

ಒಳಕ್ಕೆ ಸಿಡಿಯುತ್ತಿದ್ದ ಮಳೆಹನಿಗೆ ಅಜ್ಜಿ ಕಾಲು ಮೇಲೆಳೆದುಕೊಂಡಳು.

"ಅತ್ತೆ ಸತ್ಲು. ತಿಥಿ ಮುಗುದ ವಾರಕ್ಕೇ ಇವ್ನು ಮನೆ ಮಾರಕ್ಕೆ ಒಂಟ. ನೋಡಕ್ಕೆ ಬಂದೋರೆಲ್ಲ ಅಡ್ಗೆಮನೆ ಬಾಗ್ಲಿಂದ್ಲೇ ವಾಪಸ್ಸು. ಮರದ ವ್ಯಾಪಾರದ ಅಬ್ದುಲ್ ರಹೀಂ ಸಾಬ್ರು, 'ಒಳಗೆ ಯಾವ್ದೋ ಅಜ್ಜಿ ಉಣ್ತಾ ಕುಂತದಲ್ಲಪ್ಪ, ಮೊದ್ಲು ಬಾಡ್ಗೆಯೋರ್ನ ಖಾಲಿ ಮಾಡ್ಸು' ಅಂದ್ರು. ಇವ್ನು ಒಳಗೋಗಿ ನೋಡ್ತಾನೆ... ಯಾರವ್ರೆ ಅಲ್ಲಿ? ಹಳಸಲು ವಾಸ್ನೆ, ನೆಲದ ಮೇಲೆ ಅಗುದ ಕರಿಬೇವು, ಇನ್ನೂ ಎಂಜಲಾರಿಲ್ಲ. ಮೂರು ವರ್ಸ ಇಂಗೇ. ಮಾರಿ ಕೈ ತೊಳ್ಕಳನ ಅಂದೋನು, ಬ್ಯಾಡ ಬ್ಯಾಡ ಅಂದ್ರೂ ಬಾಡ್ಗೆ ಮನೆ ಓನರ್ ಆಗ್ಬುಟ್ಟ.

"ಗಂಡ ಹೆಂಡ್ತಿ, ಒಂದು ಕೂಸು ಬಂದ್ರು. ಹದಿನೈದೇ ದಿನ. ಆ ಎಣ್ಮಗಳು ಗುಂಡ್ಲುಪೇಟೆಗೇ ಬಂದು, ಗಿರಾಕಿಗಳ ಮುಂದೆ ಅನ್ನದ ಪಾತ್ರೆ ಕುಕ್ಕುದ್ಲು. ಅನ್ನ ಇಳ್ಸಿ ಮುಚ್ಚಳ ತೆಗುದ್ರೆ, ಬಿಸಿ ಅನ್ನದ ನಡುವೆ ಯಾರೋ ಅಗುದು ಉಗುದ ತುತ್ತು... ದಿನಾನೂ. 'ಗೊತ್ತಿಲ್ದೆ ನನ್ ಮಗೀಗೆ ಉಣ್ಸ್ಬುಟ್ಟಿದ್ದೀನಿ ಇದ್ನ' ಅಂದ್ಲು. ಅಳ್ನಿಲ್ಲ. 'ಈಗ ನೀನು ಉಣ್ಣು' ಅಂದ್ಲು, ಅಷ್ಟೇಯ."

"ಉಂಡ್ನಾ ಅಜ್ಜಿ?" ಅನು ಮೆಲ್ಲಗೆ ಕೇಳಿದಳು.

"ಬಗ್ಗಿ ನೋಡ್ದ. ತುತ್ತಿನ ಮೇಲೆ ಹಲ್ಲಿಲ್ಲದ ವಸಡಿನ ಅಚ್ಚು. ಅಲ್ಲೇ ಕಾರ್ಕಂಡ. ಅವತ್ತಿಂದ ಏನು ಬಾಯಿಗಿಟ್ರೂ ಅದೇ ನಾತ. ಓಟ್ಲು ಮುಚ್ಚಿ, ತಾನೇ ಬಂದು ಆ ಮನೆ ಸೇರ್ಕಂಡ. ಬಿಸಿ ಮುದ್ದೆ ತಿರುವಿ ಮೊದ್ಲ ತಟ್ಟೆ ಅಡ್ಗೆಮನೆ ಮೂಲೆಗೆ ಮಡಗೋನು... ಆಮೇಲೆ ತಾನುಣ್ಣೋನು."

ಸುಮಯ್ಯ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಿದ್ದಳು. ಅನುವಿನ ಕಣ್ಣಿಗೆ ಕಟ್ಟಿದ್ದು ದೆವ್ವವಲ್ಲ, ಬಸ್ಸಿನಲ್ಲಿ ತುಳುಕುತ್ತ ಬರುವ ಆ ಡಬ್ಬ. ಮತ್ತೆ, ನೋಡಿಯೂ ಎದ್ದು ಬಂದ ಈ ಮುದುಕಿ. ಗೊತ್ತಿಲ್ಲದೆಯೇ ಅನು ಕಲ್ಲುಬೆಂಚಿನ ಆ ತುದಿಗೆ ಸರಿದು ಕೂತಳು.

ಅಜ್ಜಿ ಅದನ್ನು ಕಂಡಳು. ಬೇಜಾರು ಮಾಡಿಕೊಳ್ಳಲಿಲ್ಲ.

"ಸರ್ಕ ಕಣಮ್ಮಿ, ಅದು ಸರಿಯೇ ಅದೆ... ತಮ್ಮ ಓದ ಬೇಸ್ಗೇಲಿ ತೀರ್ಕಂಡ. ಈಗ ಆ ಮನೇಲಿ ನಾನೇ ಇರಾದು. ಮಳೆ ಬುಟ್ರೆ ಸಾಕು, ಓಗಿ ಒಲೆ ಹಚ್ಬೇಕು. ಬೆಳಿಗ್ಗೆ ಇಬ್ರಿಗೂ ಬಡ್ಸಿ ಬಾಗ್ಲು ಮುಂದಕ್ಕೆಳ್ಕಂಡಿದ್ದೆ. ಆಮೇಲೋಗಿ ನೋಡ್ತೀನಿ... ಅತ್ತೆ ಉಂಡವ್ಳೆ. ತಮ್ಮುನ್ ತಟ್ಟೆ ಮಡಗಿದಂಗೇ ಅದೆ. ಅತ್ತೆ ಉಗುದ ತುತ್ತು ಮಾತ್ರ ಎಲ್ಲೂ ಕಾಣ್ನಿಲ್ಲ... ಈಗ ಅದೇ ತಮ್ಮುನ್ ಪಾಲು."