ಅಕ್ಕ ಸುತ್ತಿದ ಕಾಯಿಲ್

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದ ದರ್ಜಿಗೆ, ಪಕ್ಕದಲ್ಲಿದ್ದ ಅಕ್ಕ ತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಅಕ್ಕ ಕಣ್ಣಿಗೆ ಹನಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದಳು.

“ಗುಡ್ಡದ ಮೇಲೆ ನೀನು ಸುತ್ತಿಕೊಟ್ಟ ಕಾಯಿಲ್ ಭರ್ಜರಿಯಾಗಿ ಕೆಲಸ ಮಾಡ್ತು ಕಣೇ ಅಕ್ಕಾ. ಅಷ್ಟು ಗಿಡ್ಡ ಆಂಟೆನಾದಲ್ಲಿ ಸಮುದ್ರದಾಚೆಯವರೂ ರೇಡಿಯೋದಲ್ಲಿ ಮಾತಿಗೆ ಸಿಕ್ಕಿದ್ರು!”

“ಗೊತ್ತು. ಮನೇಲಿ ಹ್ಯಾಮ್ ರೇಡಿಯೋ ಹಾಕ್ಕೊಂಡು ಕೇಳ್ತಾ ಇದ್ದೆ.”

ತಮ್ಮ ಅವಳತ್ತ ತಿರುಗಿದ. “ಎಲ್ಲಾನೂ ಕೇಳಿದ್ಯಾ?”

“‘ಪೈಪಿಗೆ ತಾಮ್ರದ ತಂತಿ ಸುತ್ತಿ ಈ ಕಾಯಿಲ್ ಮಾಡಿದ್ದು ನಾನೇ’ ಅಂತ ಅವರಿಗೆಲ್ಲ ಅಂದ್ಯಲ್ಲ, ಅದನ್ನೂ ಕೇಳಿದೆ.”

“ಬಾಯಿ ತಪ್ಪಿ ಬಂದ್ಬಿಡ್ತು. ನೀನಾದ್ರೂ ಮಧ್ಯೆ ಬಂದು ಹೇಳಬಹುದಿತ್ತಲ್ಲ?”

“ಮೈಕಿನ ಗುಂಡಿ ಮೇಲೆ ಬೆರಳಿಟ್ಟಿದ್ದೆ ಕಣೋ. ಅಷ್ಟರಲ್ಲಿ ಎಲ್ಲರೂ ನಿನಗೆ ಶಭಾಷ್ ಅಂದ್ರು. ಅಷ್ಟು ಜನರ ಮುಂದೆ ನಿನ್ನ ಮಾನ ಯಾಕೆ ಕಳೀಲಿ ಅಂತ ಸುಮ್ಮನಾದೆ. ಮನೆಗೆ ಬಂದು ನೀನೇ ಹೇಳ್ತೀಯ ಅಂದ್ಕೊಂಡೆ.”

ತಮ್ಮ ಚಪ್ಪಲಿಯ ತುದಿಯಿಂದ ನೆಲ ಗೀರಿದ.

“ಅಕ್ಕಾ, ರೇಡಿಯೋ ಕ್ಲಬ್ಬಿನವರು ಭಾನುವಾರ ಬಂದು ಎಲ್ಲರೆದುರು ಕಾಯಿಲ್ ಸುತ್ತಿ ತೋರಿಸು ಅಂದಿದ್ದಾರೆ. ಒಂದ್ಸಲ ಹೇಳಿಕೊಟ್ಟುಬಿಡೇ.”

“ಹತ್ತಿದ ಏಣೀನ ನೀನೇ ಒದ್ದುಬಿಟ್ಟೆ. ಈಗ ಮತ್ತೆ ಹತ್ತೋಕೆ ಅದೇ ಏಣಿ ಬೇಕಾಯ್ತಾ?” ಅವಳ ದನಿ ತಗ್ಗಿತು. “ಅದಕ್ಕೇನಾ ಇವತ್ತು ನನ್ನ ಜೊತೆ ಆಸ್ಪತ್ರೆಗೆ ಬಂದಿದ್ದು?”

ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ಅಕ್ಕನನ್ನು ಕರೆದಳು. ತಮ್ಮ ಎದ್ದು ಅವಳ ಮೊಣಕೈ ಹಿಡಿದ. ಅವಳು ಮೆಲ್ಲಗೆ ಬಿಡಿಸಿಕೊಂಡು, ದರ್ಜಿ ಕುಳಿತಿದ್ದ ಕಡೆಗೆ ಕೈ ಚಾಚಿದಳು.

“ಅಣ್ಣಾ, ಬಾಗಿಲವರೆಗೆ ಸ್ವಲ್ಪ ಕರ್ಕೊಂಡು ಹೋಗ್ತೀರಾ?”